ಗಡಿಯಾರ ನೋಡಿ ಹೋದರೆ ಕೆಸರು, ಉಬ್ಬರ ನೋಡಿ ಹೋದರೆ ಹಕ್ಕಿ

ಕಡಲಂಚಿನ ರಕ್ಷಿತ ನಿಸರ್ಗ ತಾಣಗಳಿಗೆ ರಜೆಯಲ್ಲಿ ಹೋಗಿಬಂದವರಿಂದ ಮತ್ತು ಹೊರಡಲು ಸಿದ್ಧರಾಗಿರುವವರಿಂದ ಈ ಬಾರಿ ನಿರೀಕ್ಷೆಗಿಂತ ಹೆಚ್ಚು ಪತ್ರಗಳು ಬಂದಿವೆ. ಅವುಗಳಲ್ಲಿ ಅರ್ಧದಷ್ಟು ಅಸಮಾಧಾನದ ಪತ್ರಗಳು. ನಾವು ರಜೆಯ ವೇಳೆಯನ್ನು ಹಿಡಿದು ಹೋಗುತ್ತೇವೆ, ಅಲ್ಲಿನ ಜೀವಿಗಳು ಕಡಲಿನ ವೇಳೆಯಲ್ಲಿ ಬದುಕುತ್ತಿರುತ್ತವೆ. ಅಸಮಾಧಾನದ ಬಹುಪಾಲು ಈ ಎರಡರ ನಡುವಿನ ಅಂತರದಲ್ಲಿ ಹುಟ್ಟಿದೆ ಎಂಬುದು ನಮ್ಮ ಅನಿಸಿಕೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ವಲಸೆ ಹಕ್ಕಿಗಳಿಗೆ ಹೆಸರಾದ ಅಳಿವೆಯೊಂದರ ರಕ್ಷಿತ ತಾಣಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ಬೆಳಿಗ್ಗೆ ಹತ್ತು ಗಂಟೆಗೆ ತಲುಪಿ ಮಧ್ಯಾಹ್ನದವರೆಗೆ ಕಾದರೂ ಕಂಡದ್ದು ಕಣ್ಣು ಹಾಯುವಷ್ಟು ದೂರ ಕೆಸರು ಮತ್ತು ಅದರ ಆಚೆ ಅಂಚಿನಲ್ಲಿ ಕೆಲವು ಚುಕ್ಕೆಗಳು ಮಾತ್ರ. ಹಿಂದಿನ ವಾರ ಇದೇ ಹೊತ್ತಿಗೆ ಹೋಗಿದ್ದ ಸ್ನೇಹಿತರು ಸಾವಿರಾರು ಹಕ್ಕಿಗಳನ್ನು ನೋಡಿ ಬಂದಿದ್ದರು. ಒಂದೇ ವಾರದಲ್ಲಿ ಹಕ್ಕಿಗಳು ಹೊರಟುಹೋದವೇ?

ಉತ್ತರ: ಬಹುಶಃ ಎಲ್ಲಿಗೂ ಹೋಗಿರಲಿಲ್ಲ. ತಾವು ಕಂಡ ಆ ಚುಕ್ಕೆಗಳೇ ಹಕ್ಕಿಗಳು.

ಚಂದ್ರನು ಭೂಮಿಯನ್ನು ಸುತ್ತುತ್ತ ಪ್ರತಿದಿನ ಸ್ವಲ್ಪ ಮುಂದೆ ಸರಿದಿರುವುದರಿಂದ, ಭೂಮಿಯ ಯಾವುದೇ ಒಂದು ಜಾಗವು ಮತ್ತೆ ಚಂದ್ರನ ಎದುರಿಗೆ ಬರಲು 24 ಗಂಟೆಗಳ ಮೇಲೆ ಸುಮಾರು 50 ನಿಮಿಷ ಹಿಡಿಯುತ್ತದೆ. ಹೀಗಾಗಿ ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ 12 ಗಂಟೆ 25 ನಿಮಿಷದಷ್ಟು ಅಂತರವಿದ್ದು, ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಮುಂದಕ್ಕೆ ಜಾರುತ್ತದೆ. ಒಂದು ವಾರದಲ್ಲಿ ಈ ಜಾರಿಕೆ ಹೆಚ್ಚುಕಡಿಮೆ ಆರು ಗಂಟೆಯಾಗುತ್ತದೆ. ಅಂದರೆ ಹಿಂದಿನ ವಾರ ಬೆಳಿಗ್ಗೆ ಹತ್ತಕ್ಕೆ ಉಬ್ಬರವಿದ್ದ ಜಾಗದಲ್ಲಿ ಈ ವಾರ ಅದೇ ಹತ್ತಕ್ಕೆ ಇಳಿತವಿರುತ್ತದೆ. ತಮ್ಮ ಸ್ನೇಹಿತರು ತುಂಬಿದ ಅಳಿವೆಯನ್ನು ನೋಡಿದರು, ತಾವು ಬರಿದಾದ ಅಳಿವೆಯನ್ನು ನೋಡಿದಿರಿ.

ಕೆಸರಿನಲ್ಲಿ ಹುಳು, ಚಿಪ್ಪುಜೀವಿ, ಸಣ್ಣ ಏಡಿಗಳನ್ನು ಕೆದಕಿ ತಿನ್ನುವ ಹಕ್ಕಿಗಳು ಸಾಮಾನ್ಯವಾಗಿ ನೀರಿನ ಅಂಚನ್ನೇ ಹಿಂಬಾಲಿಸುತ್ತವೆ, ಏಕೆಂದರೆ ಈಗಷ್ಟೇ ನೀರು ಸರಿದ ಒದ್ದೆ ಕೆಸರಿನಲ್ಲಿ ಆಹಾರವು ಮೇಲ್ಪದರದಲ್ಲಿ, ಕೊಕ್ಕಿಗೆ ಎಟಕುವಂತಿರುತ್ತದೆ. ಇಳಿತದ ಹೊತ್ತಿಗೆ ಆ ಅಂಚು ಒಂದೆರಡು ಕಿಲೋಮೀಟರ್ ದೂರವಿರಬಹುದು. ನೀರು ಏರತೊಡಗಿದಂತೆ ಬಯಲು ಕಿರಿದಾಗುತ್ತದೆ, ಹಕ್ಕಿಗಳು ದಡದ ಕಡೆಗೆ ಒತ್ತಿಕೊಂಡು ಬರುತ್ತವೆ, ಕೊನೆಗೆ ತಿನ್ನಲು ಜಾಗವಿಲ್ಲದೆ ಯಾವುದೋ ದಿಬ್ಬದ ಮೇಲೆ ಗುಂಪುಗೂಡಿ ಇಳಿತವನ್ನು ಕಾಯುತ್ತ ನಿಲ್ಲುತ್ತವೆ. ಆದ್ದರಿಂದ ಉಬ್ಬರದ ತುದಿಗೆ ಮೂರು ಗಂಟೆ ಮೊದಲು ಹೋಗಿ ಕುಳಿತರೆ ತಾವು ಹಕ್ಕಿಗಳ ಹತ್ತಿರ ಹೋಗಬೇಕಾಗಿಲ್ಲ, ಅವೇ ಹತ್ತಿರ ಬರುತ್ತವೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಒಂದೆರಡು ದಿನಗಳ ನಂತರ ಉಬ್ಬರ ಅತಿ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಅತಿ ಕಡಿಮೆ. ಎರಡು ದಿನಗಳ ನಡುವೆ ಆಯ್ಕೆ ಮಾಡಿಕೊಳ್ಳುವ ಅವಕಾಶವಿದ್ದರೆ ಉಬ್ಬರ ದೊಡ್ಡದಿರುವ ದಿನವನ್ನು ಆರಿಸಿಕೊಳ್ಳಿ.

ಆದರೆ ಈ ಲೆಕ್ಕವನ್ನು ಎಲ್ಲ ಕಡಲಿಗೂ ಕಣ್ಣುಮುಚ್ಚಿ ಅನ್ವಯಿಸುವಂತಿಲ್ಲ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಉಬ್ಬರ ಮತ್ತು ಇಳಿತಗಳ ನಡುವಿನ ವ್ಯತ್ಯಾಸ 16 ಮೀಟರುಗಳವರೆಗೆ ಹೋಗುತ್ತದೆ. ಮೆಡಿಟರೇನಿಯನ್ ಸಮುದ್ರದ ಬಹುಭಾಗದಲ್ಲಿ ಅದು ಕಣ್ಣಿಗೆ ಬೀಳುವುದೇ ಕಷ್ಟ. ಮೆಕ್ಸಿಕೋ ಕೊಲ್ಲಿಯ ಕೆಲವು ತೀರಗಳಲ್ಲಿ ದಿನಕ್ಕೆ ಒಂದೇ ಉಬ್ಬರ. ಹೋಗುವ ಜಾಗಕ್ಕೆ ಅತಿ ಹತ್ತಿರದ ಬಂದರಿನ ಉಬ್ಬರವಿಳಿತದ ಪಟ್ಟಿಯನ್ನೇ ನೋಡಬೇಕು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ದೇಶಗಳಲ್ಲಿ ಕೆಲವು ಪಟ್ಟಿಗಳು ಆ ಒಂದು ಗಂಟೆಯನ್ನು ಸೇರಿಸಿರುವುದಿಲ್ಲ. ಇದನ್ನು ಗಮನಿಸದೆ ನಾನೇ ಒಮ್ಮೆ ಒಂದು ಗಂಟೆ ಮುಂಚಿತವಾಗಿ ಹೋಗಿ ಗಾಳಿಗೆ ಮುಖವೊಡ್ಡಿ ಕುಳಿತದ್ದುಂಟು. ತಪ್ಪು ಆ ದಿಕ್ಕಿನಲ್ಲಾದದ್ದು ಅದೃಷ್ಟ, ಒಂದು ಗಂಟೆ ತಡವಾಗಿದ್ದರೆ ಏನೂ ಕಾಣುತ್ತಿರಲಿಲ್ಲ.

ಪ್ರಶ್ನೆ: ಇಳಿತದ ಹೊತ್ತಿನಲ್ಲಿ ಮರಳದಿಣ್ಣೆಯೊಂದರ ಮೇಲೆ ನಡೆದು ಹೋಗಿದ್ದೆವು. ಸಮುದ್ರ ಇನ್ನೂ ದೂರದಲ್ಲೇ ಇತ್ತು, ಆದರೆ ತಿರುಗಿ ನೋಡಿದಾಗ ನಮ್ಮ ಹಿಂದೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಹೇಗೋ ದಾಟಿ ಬಂದೆವು. ನೀರು ಹಿಂದಿನಿಂದ ಬರುವುದು ಹೇಗೆ?

ಉತ್ತರ: ಕೆಸರು ಬಯಲು ನೋಡಲು ತಟ್ಟೆಯಂತೆ ಸಮತಟ್ಟಾಗಿ ಕಂಡರೂ ಅದರಲ್ಲಿ ಕೊರಕಲುಗಳ ಜಾಲವೇ ಇರುತ್ತದೆ. ಏರುವ ನೀರು ಮೊದಲು ತುಂಬುವುದು ಈ ಕೊರಕಲುಗಳನ್ನು. ಅವುಗಳಲ್ಲಿ ಹಲವು ದಿಣ್ಣೆಗೂ ದಡಕ್ಕೂ ನಡುವೆ ಇರುವುದರಿಂದ, ದಿಣ್ಣೆಯ ಮುಂದೆ ಒಣ ಮರಳು ಉಳಿದಿರುವಾಗಲೇ ಹಿಂದೆ ನೀರು ಹರಿದಿರುತ್ತದೆ.

ಇನ್ನೊಂದು ವಿಷಯ, ನೀರು ಏರುವ ವೇಗ ಒಂದೇ ಸಮನಾಗಿರುವುದಿಲ್ಲ. ನಾವಿಕರು ಬಳಸುವ ಹಳೆಯ ಲೆಕ್ಕವೊಂದಿದೆ: ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಆರು ಗಂಟೆಗಳಲ್ಲಿ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಿಗೆ ಮೂರು ಮೂರು, ಐದನೆಯದಕ್ಕೆ ಎರಡು, ಆರನೆಯದಕ್ಕೆ ಒಂದು. ಅರ್ಧ ನೀರು ನಡುವಿನ ಎರಡೇ ಗಂಟೆಗಳಲ್ಲಿ ಬಂದುಬಿಡುತ್ತದೆ ಎಂದಾಯಿತು. ಮೊದಲ ಗಂಟೆಯ ನಿಧಾನಗತಿಯನ್ನು ಕಂಡು ಇನ್ನೂ ಸಮಯವಿದೆ ಎಂದುಕೊಂಡವರನ್ನು ಮೂರನೆಯ ಗಂಟೆ ಹಿಡಿಯುತ್ತದೆ. ಇಂಗ್ಲೆಂಡಿನ ಮೋರ್ಕ್ಯಾಂಬ್ ಕೊಲ್ಲಿಯಲ್ಲಿ 2004ರ ಫೆಬ್ರವರಿಯ ಒಂದು ರಾತ್ರಿ ಚಿಪ್ಪು ಹೆಕ್ಕಲು ಹೋಗಿದ್ದ ಕನಿಷ್ಠ 21 ಮಂದಿ ಕೂಲಿಕಾರರು ಹೀಗೆಯೇ ಏರುವ ನೀರಿಗೆ ಸಿಕ್ಕು ಸತ್ತರು. ಅಲ್ಲಿನ ಮರಳನ್ನು ದಾಟಿಸಲು ಅಧಿಕೃತ ಮಾರ್ಗದರ್ಶಕರನ್ನು ನೇಮಿಸುವ ಪದ್ಧತಿ ಹದಿನಾರನೆಯ ಶತಮಾನದಿಂದಲೂ ನಡೆದುಬಂದಿದೆ ಎಂಬುದರಿಂದಲೇ ಆ ನೆಲದ ಸ್ವಭಾವವನ್ನು ಊಹಿಸಬಹುದು.

ಆದ್ದರಿಂದ ಇಳಿತದ ತುದಿಯ ಹೊತ್ತನ್ನು ಹೊರಡುವ ಹೊತ್ತೆಂದು ತಿಳಿಯದೆ, ಹಿಂದಿರುಗಲು ತೊಡಗುವ ಹೊತ್ತೆಂದು ತಿಳಿಯಿರಿ. ಮಂಜು ಕವಿಯುವ ಸೂಚನೆಯಿದ್ದರೆ ಇಳಿಯಲೇಬೇಡಿ. ಮಾರ್ಗದರ್ಶಕರಿಲ್ಲದೆ ತೆರೆದ ಕೆಸರಿಗೆ ಹೋಗುವುದನ್ನು ನಾನಂತೂ ಯಾರಿಗೂ ಸಲಹೆ ಮಾಡುವುದಿಲ್ಲ. ಕಾಲು ಹೂತರೆ ಜಗ್ಗಿ ಎಳೆಯಬಾರದು. ಹಿಂದಕ್ಕೆ ಒರಗಿ ಅಥವಾ ಕುಳಿತು ಮೈಭಾರವನ್ನು ಹರಡಿ, ಪಾದವನ್ನು ಮೆಲ್ಲಗೆ ಅಲುಗಾಡಿಸುತ್ತ ಬಿಡಿಸಿಕೊಳ್ಳಬೇಕು, ಜೊತೆಗೆ ತಡಮಾಡದೆ ಸಹಾಯಕ್ಕೆ ಕರೆಮಾಡಬೇಕು.

ಪ್ರಶ್ನೆ: ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಾಕಿದ್ದ ಮರದ ನಡೆಸೇತುವೆಯಲ್ಲಿ ಕೊಳೆತ ಮೊಟ್ಟೆಯಂತಹ ವಾಸನೆ ಇತ್ತು. ರಕ್ಷಿತ ತಾಣವೆಂದು ಹೇಳಿ ಕೊಳಚೆ ನೀರನ್ನು ಬಿಡುತ್ತಿರುವರೇ?

ಉತ್ತರ: ಆ ವಾಸನೆಯೊಂದರಿಂದಲೇ ಹಾಗೆ ತೀರ್ಮಾನಿಸಲಾಗದು. ಕಾಂಡ್ಲಾ ಕಾಡಿನ ಕೆಸರು ಬಹಳ ನುಣುಪಾದ ಕಣಗಳದ್ದಾದ್ದರಿಂದ ಮೇಲ್ಪದರದಿಂದ ಸ್ವಲ್ಪವೇ ಕೆಳಗೆ ಹೋದರೂ ಆಮ್ಲಜನಕವಿರುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಸಮುದ್ರದ ನೀರಿನಲ್ಲಿ ಹೇರಳವಾಗಿರುವ ಸಲ್ಫೇಟನ್ನು ಬಳಸಿಕೊಂಡು ಎಲೆಕೊಳೆಯನ್ನು ಜೀರ್ಣಿಸುತ್ತವೆ ಮತ್ತು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆಯೂ ಇದೇ ಅನಿಲದ್ದು, ಕೆಸರಿನ ಕಪ್ಪು ಬಣ್ಣವು ಕಬ್ಬಿಣದ ಸಲ್ಫೈಡಿನದು. ಉಸಿರಾಡಲು ಗಾಳಿಯಿಲ್ಲದ ಈ ನೆಲದಲ್ಲಿ ನಿಂತಿರುವುದರಿಂದಲೇ ಕೆಲವು ಜಾತಿಯ ಗಿಡಗಳು ಪೆನ್ಸಿಲ್ಲಿನಂತಹ ಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚಿ ಗಾಳಿ ಹೀರಿಕೊಳ್ಳುತ್ತವೆ. ನಡೆಸೇತುವೆಯಿಂದ ಕೆಳಗಿಳಿಯಬಾರದೆಂಬ ನಿಯಮ ಇರುವುದು ನಮ್ಮ ಚಪ್ಪಲಿ ಕೆಸರಾಗದಿರಲೆಂದಲ್ಲ, ಆ ಬೇರುಗಳು ಮುರಿಯದಿರಲೆಂದು. ನೀರಿನ ಮೇಲೆ ನೊರೆ ಅಥವಾ ಎಣ್ಣೆಯ ಪದರ ಕಂಡರೆ, ಮೀನುಗಳು ಸತ್ತು ತೇಲುತ್ತಿದ್ದರೆ ಮಾತ್ರ ತಾಣದ ಸಿಬ್ಬಂದಿಗೆ ತಿಳಿಸಿ. ಅದು ಬೇರೆ ಮಾತು.

ಪ್ರಶ್ನೆ: ಎಂಟು ವರ್ಷದ ಮಗಳು ದಿನವಿಡೀ ಹೆಕ್ಕಿದ್ದ ಕಪ್ಪೆಚಿಪ್ಪು, ಶಂಖಗಳನ್ನು ಹೊರಡುವಾಗ ಕಾವಲುಗಾರರು ಮರಳಿಗೇ ಸುರಿಸಿದರು. ಮಗು ಅತ್ತಿತು. ಸತ್ತ ಚಿಪ್ಪುಗಳನ್ನು ತೆಗೆದುಕೊಂಡರೆ ಯಾರಿಗೇನು ನಷ್ಟ?

ಉತ್ತರ: ಮಗುವಿನ ದುಃಖ ಅರ್ಥವಾಗುತ್ತದೆ, ಮತ್ತು ಕಾರಣವನ್ನು ಒಳಗೆ ಹೋಗುವಾಗಲೇ ಹೇಳಬೇಕಿತ್ತು ಎಂಬುದನ್ನೂ ಒಪ್ಪುತ್ತೇನೆ. ಆದರೆ ನಿಯಮದ ಪರವಾಗಿಯೇ ಉತ್ತರಿಸಬೇಕಾಗಿದೆ.

ಸನ್ಯಾಸಿ ಏಡಿಗೆ ಹೊಟ್ಟೆಯ ಭಾಗದಲ್ಲಿ ಗಟ್ಟಿ ಕವಚವಿಲ್ಲ. ಅದು ಬೇರೊಂದು ಜೀವಿ ಬಿಟ್ಟುಹೋದ ಶಂಖದಲ್ಲಿ ಮೈಯಡಗಿಸಿಕೊಂಡು ಬದುಕುತ್ತದೆ. ಬೆಳೆದಂತೆಲ್ಲ ಇನ್ನೂ ದೊಡ್ಡ ಶಂಖ ಬೇಕು. ಒಂದು ಒಳ್ಳೆಯ ಖಾಲಿ ಶಂಖ ಸಿಕ್ಕಿದಾಗ ಹಲವು ಏಡಿಗಳು ಗಾತ್ರದ ಕ್ರಮದಲ್ಲಿ ಸಾಲುಗಟ್ಟಿ ನಿಂತು, ಅತಿ ದೊಡ್ಡದು ಹೊಸ ಮನೆಗೆ ಸರಿದ ಕೂಡಲೇ ಅದರ ಹಳೆಯ ಮನೆಗೆ ಮುಂದಿನದು, ಅದರದಕ್ಕೆ ಅದರ ಹಿಂದಿನದು, ಹೀಗೆ ಒಂದರ ಹಿಂದೊಂದು ಮನೆ ಬದಲಿಸುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ತಮ್ಮ ಮಗಳ ಚೀಲದಲ್ಲಿದ್ದ ಒಂದು ಒಳ್ಳೆಯ ಶಂಖದಿಂದ ಒಂದೇ ಏಡಿಗಲ್ಲ, ಇಡೀ ಸಾಲಿಗೆ ನಷ್ಟ. ಚಿಪ್ಪುಗಳು ಮುರಿದು, ಸವೆದು ಮರಳಾಗುತ್ತವೆ. ಪಾಚಿ ಮತ್ತು ಸಣ್ಣ ಜೀವಿಗಳು ಅವುಗಳಿಗೆ ಅಂಟಿ ಬೆಳೆಯುತ್ತವೆ. ಕೆಲವು ಹಕ್ಕಿಗಳು ಅವುಗಳ ನಡುವೆ ಮೊಟ್ಟೆಯಿಡುತ್ತವೆ.

ಒಬ್ಬರು ಹಿಡಿಯಷ್ಟು ಒಯ್ದರೆ ಏನಾಯಿತು ಎಂಬ ಪ್ರಶ್ನೆಗೆ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ಉತ್ತರ ಕೊಡುತ್ತದೆ. ಸ್ಪೇನ್ ದೇಶದ ಮೆಡಿಟರೇನಿಯನ್ ತೀರದ ಒಂದು ಕಡಲತೀರದಲ್ಲಿ 1970ರ ದಶಕದ ಕೊನೆಯಲ್ಲಿ ಎಣಿಸಿದ್ದ ಚಿಪ್ಪುಗಳನ್ನು ಮೂವತ್ತು ವರ್ಷಗಳ ನಂತರ ಮತ್ತೆ ಎಣಿಸಿದಾಗ, ಅವು ಶೇಕಡ 60ಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು. ಅದೇ ಅವಧಿಯಲ್ಲಿ ಪ್ರವಾಸಿಗರ ಸಂಖ್ಯೆ ಸುಮಾರು ಮೂರು ಪಟ್ಟಾಗಿತ್ತು.

ಇನ್ನು ಸುರಕ್ಷತೆಯ ಮಾತು. ಖಾಲಿಯೆಂದು ಕಂಡ ಶಂಖದಲ್ಲಿ ಜೀವವಿರಬಹುದು. ಉಷ್ಣವಲಯದ ಕಡಲುಗಳ ಕೋನ್ ಬಸವನಹುಳು ತನ್ನ ಸುಂದರ ಚಿತ್ತಾರದ ಶಂಖದಿಂದ ವಿಷದ ಮುಳ್ಳು ಚುಚ್ಚುತ್ತದೆ, ಅದರ ಕೆಲವು ಜಾತಿಗಳ ವಿಷ ಮನುಷ್ಯನನ್ನು ಕೊಲ್ಲಬಲ್ಲದು. ದಡಕ್ಕೆ ಬಿದ್ದ ಅಂಬಲಿ ಮೀನು (ಜೆಲ್ಲಿಫಿಶ್) ಸತ್ತ ಮೇಲೂ ಅದರ ಎಳೆಗಳು ಕುಟುಕಬಲ್ಲವು. ಮುಂದಿನ ಬಾರಿ ಮಗಳಿಗೆ ಒಂದು ನೋಟುಪುಸ್ತಕ ಕೊಡಿ. ಕಂಡ ಚಿಪ್ಪುಗಳನ್ನು ಬರೆದು, ಚಿತ್ರಿಸಿ, ಅಲ್ಲೇ ಬಿಟ್ಟು ಬರಲಿ. ಬಂಡೆಗುಂಡಿಗಳಲ್ಲಿ ಕಲ್ಲು ಮಗುಚಿ ನೋಡಿದ್ದರೆ ಅದನ್ನು ಮೊದಲಿದ್ದ ಮಗ್ಗುಲಿಗೇ ತಿರುಗಿಸಿಡುವುದನ್ನೂ ಕಲಿಸಿ, ಏಕೆಂದರೆ ಕಲ್ಲಿನ ಅಡಿಯ ನೆರಳಿನಲ್ಲಿ ಬದುಕುವ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ.

ಪ್ರಶ್ನೆ: ಮರಳಿನಲ್ಲಿ ನಡೆಯುತ್ತಿದ್ದಾಗ ಪುಟ್ಟ ಹಕ್ಕಿಯೊಂದು ರೆಕ್ಕೆ ಮುರಿದಂತೆ ಎಳೆದುಕೊಂಡು ನಮ್ಮ ಮುಂದೆ ಓಡಿತು. ಸಹಾಯ ಮಾಡೋಣವೆಂದು ಹಿಂಬಾಲಿಸಿದೆವು, ಸ್ವಲ್ಪ ದೂರ ಹೋದ ಮೇಲೆ ಹಾರಿಹೋಯಿತು. ಇದೇನು ಆಟ? ಇನ್ನೊಂದು ಪ್ರಶ್ನೆ, ಅಲ್ಲಿ ಡ್ರೋನ್ ಹಾರಿಸಲು ಬಿಡಲಿಲ್ಲ. ಮನುಷ್ಯರು ಹತ್ತಿರ ಹೋಗುವುದಕ್ಕಿಂತ ಮೇಲಿನಿಂದ ಚಿತ್ರ ತೆಗೆಯುವುದು ಹಕ್ಕಿಗಳಿಗೆ ಒಳ್ಳೆಯದಲ್ಲವೇ?

ಉತ್ತರ: ಆಟವಲ್ಲ, ತಾಯಿಯದೋ ತಂದೆಯದೋ ಉಪಾಯ. ಪ್ಲೋವರ್ ಜಾತಿಯ ಹಲವು ಹಕ್ಕಿಗಳು ಮರಳಿನಲ್ಲಿ ಒಂದು ಸಣ್ಣ ತಗ್ಗು ಮಾಡಿ, ಮರಳಿನದೇ ಬಣ್ಣದ ಮೊಟ್ಟೆಗಳನ್ನು ಇಡುತ್ತವೆ. ಶತ್ರು ಹತ್ತಿರ ಬಂದಾಗ ಗಾಯಗೊಂಡಂತೆ ನಟಿಸಿ, ಸುಲಭದ ಬೇಟೆ ಎಂಬ ಆಸೆ ಹುಟ್ಟಿಸಿ, ಗೂಡಿನಿಂದ ದೂರ ಕರೆದೊಯ್ಯುತ್ತವೆ. ತಾವು ಆಗ ಗೂಡಿನ ತೀರ ಸಮೀಪದಲ್ಲಿದ್ದಿರಿ, ಬಹುಶಃ ಒಂದೆರಡು ಹೆಜ್ಜೆಗಳಲ್ಲೇ. ಮುಂದೆ ಹೀಗಾದರೆ ನಿಂತು, ಬಂದ ಹೆಜ್ಜೆಗುರುತಿನ ಮೇಲೆಯೇ ಹಿಂದಕ್ಕೆ ಬನ್ನಿ. ಹಕ್ಕಿ ಗೂಡಿನಿಂದ ದೂರವಿರುವ ಪ್ರತಿ ನಿಮಿಷವೂ ಮೊಟ್ಟೆ ಬಿಸಿಲಿಗೆ ಬೇಯುತ್ತಿರುತ್ತದೆ ಅಥವಾ ಕಾಗೆಯ ಕಣ್ಣಿಗೆ ಬೀಳುತ್ತಿರುತ್ತದೆ. ಇನ್ನೊಂದು ಬಗೆಯ ಹಕ್ಕಿಗಳು ನಟಿಸುವುದೇ ಇಲ್ಲ: ಇಂಗ್ಲೆಂಡಿನ ಫಾರ್ನ್ ದ್ವೀಪಗಳಲ್ಲಿ ಗೂಡು ಮಾಡುವ ಆರ್ಕ್ಟಿಕ್ ರೀವಗಳು (ಟರ್ನ್ ಹಕ್ಕಿಗಳು) ನೇರವಾಗಿ ತಲೆಗೇ ಕುಕ್ಕುವುದರಿಂದ, ಬರುವವರಿಗೆಲ್ಲ ಟೋಪಿ ಹಾಕಿಕೊಳ್ಳಲು ಹೇಳುತ್ತಾರೆ. ಆ ನೇರವಂತಿಕೆ ನನಗೆ ಹೆಚ್ಚು ಇಷ್ಟ.

ಡ್ರೋನ್ ವಿಷಯಕ್ಕೆ ಬರೋಣ. ಮೇಲಿನಿಂದ ಬರುವುದೆಲ್ಲ ಹಕ್ಕಿಗೆ ಗಿಡುಗವೇ. ಕ್ಯಾಲಿಫೋರ್ನಿಯಾದ ಬೋಲ್ಸಾ ಚಿಕಾ ರಕ್ಷಿತ ತಾಣದಲ್ಲಿ ಡ್ರೋನ್ ನಿಷೇಧವಿದ್ದರೂ 2021ರ ಮೇ ತಿಂಗಳಿನಲ್ಲಿ ಯಾರೋ ಹಾರಿಸಿದ ಒಂದು ಡ್ರೋನ್ ಗೂಡುಗಳ ನಡುವೆ ಬಿತ್ತು. ಸುಮಾರು ಮೂರು ಸಾವಿರ ರೀವಗಳು ಹೆದರಿ ಹಾರಿಹೋದವು, ಮರಳಿ ಬರಲಿಲ್ಲ. ಸಾವಿರದ ಐನೂರರಷ್ಟು ಮೊಟ್ಟೆಗಳು ಮರಳಿನ ಮೇಲೆ ಅನಾಥವಾಗಿ ಉಳಿದವು.

ಗೂಡು ಕಟ್ಟದ ಕಾಲದಲ್ಲಿಯೂ ಹಕ್ಕಿಗಳನ್ನು ಎಬ್ಬಿಸಬಾರದೇಕೆ ಎಂದು ಇನ್ನೊಬ್ಬ ಓದುಗರು ಕೇಳಿದ್ದಾರೆ. ಅಲಾಸ್ಕಾದಲ್ಲಿ ಉಪಗ್ರಹ ಸಾಧನ ಕಟ್ಟಿ ಬಿಟ್ಟಿದ್ದ, ಹುಟ್ಟಿ ಐದು ತಿಂಗಳಾಗಿದ್ದ ಪಟ್ಟೆಬಾಲದ ಗಾಡ್ವಿಟ್ ಹಕ್ಕಿಯೊಂದು 2022ರಲ್ಲಿ ಎಲ್ಲಿಯೂ ಇಳಿಯದೆ 11 ದಿನಗಳಲ್ಲಿ 13,560 ಕಿಲೋಮೀಟರ್ ಹಾರಿ ಆಸ್ಟ್ರೇಲಿಯಾದ ಟಾಸ್ಮೇನಿಯಾವನ್ನು ತಲುಪಿತು. ನೀರಿನ ಮೇಲೆ ಇಳಿದು ತಂಗಲಾರದ ಹಕ್ಕಿ ಅದು. ಅಷ್ಟು ದೂರಕ್ಕೆ ಬೇಕಾದ ಇಂಧನವೆಲ್ಲವೂ ಹೊರಡುವ ಮುನ್ನ ಕೆಸರಿನಲ್ಲಿ ತಿಂದು ಕೂಡಿಸಿದ ಕೊಬ್ಬು. ನಾವು ಚಪ್ಪಾಳೆ ತಟ್ಟಿ ಗುಂಪನ್ನು ಹಾರಿಸಿ, ಚೆಂದದ ಚಿತ್ರ ತೆಗೆದುಕೊಂಡು ಬರುವಾಗ ಆ ಕೊಬ್ಬಿನ ಒಂದು ಪಾಲನ್ನು ಖರ್ಚು ಮಾಡಿಸಿರುತ್ತೇವೆ. ಹಕ್ಕಿಗಳು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿ ತಮ್ಮ ಕಡೆ ನೋಡತೊಡಗಿದರೆ ತಾವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ ಎಂದು ತಿಳಿದುಕೊಳ್ಳಿ; ಹಾರುವವರೆಗೆ ಕಾಯಬೇಡಿ.

ಪ್ರಶ್ನೆ: ರಾತ್ರಿ ಕಡಲಾಮೆಯ ಮರಿಗಳು ಸಮುದ್ರದ ಬದಲು ರಸ್ತೆಯ ಕಡೆಗೆ ಹೋಗುತ್ತಿದ್ದವು. ಟಾರ್ಚ್ ಹಿಡಿದು ದಾರಿ ತೋರಿಸಲು ಹೋದೆವು, ನಮ್ಮ ಸುತ್ತಲೇ ಸುತ್ತತೊಡಗಿದವು. ಎತ್ತಿಕೊಂಡು ಹೋಗಿ ನೀರಿಗೆ ಬಿಡಬಹುದಿತ್ತೇ?

ಉತ್ತರ: ಮೊಟ್ಟೆಯೊಡೆದು ಹೊರಬಂದ ಮರಿ ತಗ್ಗಿನಲ್ಲಿ, ಹೆಚ್ಚು ಬೆಳಕಿರುವ ದಿಗಂತದ ಕಡೆಗೆ ಹೋಗುತ್ತದೆ. ಕೃತಕ ದೀಪಗಳಿಲ್ಲದ ತೀರದಲ್ಲಿ ಅದು ಸಮುದ್ರವೇ. ರಸ್ತೆಯ ದೀಪವಿದ್ದರೆ ರಸ್ತೆ, ಟಾರ್ಚಿದ್ದರೆ ಟಾರ್ಚು ಹಿಡಿದವರ ಕಾಲು. ಮೊದಲು ಮಾಡಬೇಕಾದದ್ದು ದೀಪ ಆರಿಸುವುದು. ಅನಂತರ ತಾಣದ ಸಿಬ್ಬಂದಿಗೆ ಹೇಳಿ, ಅವರು ಬರುವವರೆಗೆ ಯಾರೂ ತುಳಿಯದಂತೆ ನೋಡಿಕೊಳ್ಳಿ. ಕಡಲಾಮೆಗಳು ಅನೇಕ ದೇಶಗಳಲ್ಲಿ ಕಾನೂನಿನ ರಕ್ಷಣೆಯಲ್ಲಿರುವುದರಿಂದ ಅನುಮತಿಯಿಲ್ಲದೆ ಮುಟ್ಟುವುದೇ ಅಪರಾಧವಾಗಬಹುದು. ಸಿಬ್ಬಂದಿ ಹೇಳಿದಂತೆ ಮಾತ್ರ ಮಾಡಿ. ಮರಿಯ ಮೈಯಲ್ಲಿ ಉಳಿದಿರುವ ಮೊಟ್ಟೆಯ ಹಳದಿಭಾಗವೇ ಅದರ ಬುತ್ತಿ. ನೀರಿಗಿಳಿದ ಮೇಲೆ ಸುಮಾರು ಒಂದು ಹಗಲು ಒಂದು ರಾತ್ರಿ ಎಡೆಬಿಡದೆ ಈಜಿ ದಡದ ಅಪಾಯದಿಂದ ಪಾರಾಗಲು ಆ ಬುತ್ತಿ ಬೇಕು, ದೀಪದ ಸುತ್ತ ಸುತ್ತುವುದರಲ್ಲಿ ಅದು ಮುಗಿದುಹೋಗಬಾರದು.

ಮೊಟ್ಟೆಯಿಡಲು ಬರುವ ತಾಯಿಯಾಮೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ನೀರಿನಿಂದ ಮೇಲೇರುತ್ತಿರುವಾಗ ಬೆಳಕನ್ನೋ ಅಲುಗಾಟವನ್ನೋ ಕಂಡರೆ ಅದು ಮೊಟ್ಟೆಯಿಡದೆ ಹಿಂದಿರುಗುತ್ತದೆ.

ಪ್ರಶ್ನೆ: ಮೊದಲ ಸಲ ಹೋಗುತ್ತಿರುವವರು ಯಾವ ಬೈನಾಕ್ಯುಲರ್ ಕೊಳ್ಳಬೇಕು?

ಉತ್ತರ: 8×42 ಎಂದು ಬರೆದಿರುವುದು ಸಾಕು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ವ್ಯಾಸ ಮಿಲಿಮೀಟರುಗಳಲ್ಲಿ. ಹತ್ತು ಪಟ್ಟಿನದನ್ನು ಕಡಲಗಾಳಿಯಲ್ಲಿ ಅಲುಗದಂತೆ ಹಿಡಿಯುವುದು ಹೊಸಬರಿಗೆ ಕಷ್ಟ. ಕೊಳ್ಳುವ ಮುನ್ನ ಒಮ್ಮೆ ಎರವಲು ಪಡೆದು ನೋಡಿ.

ಪ್ರಶ್ನೆ: ನಮಗೆ ಇರುವುದು ಎರಡೇ ದಿನಗಳ ರಜೆ. ಜೊತೆಗೆ ಮಂಡಿನೋವಿನ ತಾಯಿ ಮತ್ತು ಇಬ್ಬರು ಮಕ್ಕಳಿದ್ದಾರೆ. ದಿನವನ್ನು ಹೇಗೆ ಜೋಡಿಸಿಕೊಳ್ಳುವುದು?

ಉತ್ತರ: ವಾಸ್ತವ್ಯ ಕಾಯ್ದಿರಿಸುವ ಮೊದಲೇ ಎರಡು ವಿಷಯಗಳನ್ನು ನೋಡಿ. ಒಂದು, ತಾಣ ತೆರೆದಿರುವ ದಿನಗಳು. ಹವಾಯಿಯ ಹನೌಮ ಕೊಲ್ಲಿ ರಕ್ಷಿತ ತಾಣವು ಪ್ರವಾಸಿಗರ ಒತ್ತಡದಿಂದ ಚೇತರಿಸಿಕೊಳ್ಳಲೆಂದು ವಾರದಲ್ಲಿ ಎರಡು ದಿನ ಮುಚ್ಚಿರುತ್ತದೆ, ತೆರೆದಿರುವ ದಿನಗಳಲ್ಲಿಯೂ ಒಳಗೆ ಹೋಗುವವರು ಮೊದಲು ಒಂದು ಕಿರುಚಿತ್ರ ನೋಡಲೇಬೇಕು. ಅನೇಕ ತಾಣಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ದಡದ ಒಂದು ಭಾಗಕ್ಕೆ ಬೇಲಿ ಹಾಕುತ್ತವೆ. ಹವಳದ ದಿಬ್ಬಗಳಿರುವಲ್ಲಿ ಈಜುವುದಿದ್ದರೆ ಸನ್‌ಸ್ಕ್ರೀನ್ ಕುರಿತ ನಿಯಮವನ್ನೂ ಓದಿಕೊಳ್ಳಿ; ಆಕ್ಸಿಬೆಂಜೋನ್ ಮತ್ತು ಆಕ್ಟಿನಾಕ್ಸೇಟ್ ಎಂಬ ರಾಸಾಯನಿಕಗಳಿರುವ ಸನ್‌ಸ್ಕ್ರೀನುಗಳ ಮಾರಾಟವನ್ನು ಅದೇ ಹವಾಯಿ 2021ರಿಂದ ನಿಲ್ಲಿಸಿದೆ. ಎರಡನೆಯ ವಿಷಯ, ಆ ಎರಡು ದಿನಗಳ ಉಬ್ಬರದ ವೇಳೆ. ಉಬ್ಬರದ ತುದಿ ಬೆಳಿಗ್ಗೆ ಒಂಬತ್ತು ಹತ್ತರ ಸುಮಾರಿಗೆ ಬರುವಂತಹ ದಿನ ಸಿಕ್ಕರೆ ತಮ್ಮಂತಹ ಕುಟುಂಬಕ್ಕೆ ಅದಕ್ಕಿಂತ ಅನುಕೂಲವಿಲ್ಲ.

ಅಂತಹ ದಿನ ಬೆಳಕು ಹರಿದ ಸ್ವಲ್ಪ ಹೊತ್ತಿನಲ್ಲೇ ನಡೆಸೇತುವೆಯ ಕೊನೆಯಲ್ಲೋ, ಹಕ್ಕಿಗಳಿಗೆ ಕಾಣದಂತೆ ಕುಳಿತು ನೋಡುವ ಮರೆಗೂಡಿನಲ್ಲೋ ತಾಯಿಯವರಿಗೆ ಕುರ್ಚಿ ಹಾಕಿ ಕೂರಿಸಿ. ಹಕ್ಕಿ ನೋಡಲು ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಅತ್ತಿತ್ತ ಓಡಾಡುವ ಗಟ್ಟಿಗರಿಗಿಂತ ಕುಳಿತವರೇ ಹೆಚ್ಚು ನೋಡುತ್ತಾರೆ. ಸೂರ್ಯ ಬೆನ್ನ ಹಿಂದೆ ಇರುವಂತೆ ಜಾಗ ಆರಿಸಿಕೊಳ್ಳಿ, ಇಲ್ಲದಿದ್ದರೆ ಹಕ್ಕಿಗಳೆಲ್ಲ ಕಪ್ಪು ನೆರಳುಗಳಾಗುತ್ತವೆ. ನಡುಹಗಲಿನಲ್ಲಿ ಬಿಸಿಯಾದ ಕೆಸರಿನ ಮೇಲೆ ಗಾಳಿ ನಡುಗುವುದರಿಂದ ಬೈನಾಕ್ಯುಲರಿನಲ್ಲಿಯೂ ಸ್ಪಷ್ಟವಾಗಿ ಕಾಣದು. ಆ ಹೊತ್ತನ್ನು ವಿಶ್ರಾಂತಿಗೆ ಬಿಡಿ. ಸಂಜೆ ನಾಲ್ಕರ ಸುಮಾರಿಗೆ ಇಳಿತವಾದಾಗ ಮಕ್ಕಳನ್ನು ಬಂಡೆಗುಂಡಿಗಳ ಬಳಿಗೆ ಕರೆದೊಯ್ಯಿರಿ, ಆದರೆ ಅಲೆಗೆ ಬೆನ್ನು ತೋರಿಸಿ ಕೂರಲು ಬಿಡಬೇಡಿ. ಎರಡನೆಯ ದಿನ ಇದೇ ಕ್ರಮವನ್ನು ಐವತ್ತು ನಿಮಿಷ ತಡವಾಗಿ ಆರಂಭಿಸಿದರಾಯಿತು.